ಬಣ್ಣ ಹೋದ ನೀಲಿ ಅಂಗಿ

ಬುಧವಾರ, ಹನ್ನೊಂದನೇ ತಾರೀಖು
ಬಟ್ಟೆ ಕೋಣೆಯಿಂದ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ಹೇಗಿದ್ದೀಯೋ? ನಿನ್ನ ಹೆಂಡತಿ ಗುಬ್ಬಿಯ ಮೊಣಕಾಲು ನೋವು ಇಳಿಯಿತೇ? ಮೆಟ್ಟಿಲು ಹತ್ತಿ ಇಳಿಯಬೇಡ ಎಂದು ನಾನು ಹೇಳಿದ್ದಾಗಿ ಹೇಳು. ಕೇಳುವುದಿಲ್ಲ ಅಂತ ಗೊತ್ತು, ಆದರೂ ಹೇಳು. ಮಗಳು ಪಟಾಕಿಯ ಪರೀಕ್ಷೆ ಮುಗಿಯಿತೇ? ಈಗಲೂ ಊಟಕ್ಕೆ ಕೂತರೆ ತುತ್ತಿಗಿಂತ ಮಾತೇ ಹೆಚ್ಚೇ? ನಿಮ್ಮ ನಾಯಿ ಕರಿಯನ ಕಿವಿಯ ಹುಣ್ಣು ವಾಸಿಯಾಯಿತೇ? ಎಲ್ಲರ ವಿಷಯವನ್ನೂ ಬರೆ. "ಎಲ್ಲರೂ ಕ್ಷೇಮ" ಎಂದು ಒಂದೇ ಸಾಲಿನಲ್ಲಿ ಕಟ್ಟಿ ಹಾಕಬೇಡ.

ನಾಲ್ಕು ತಿಂಗಳಾಯಿತು ನಿನಗೆ ಬರೆದು. ತಪ್ಪು ನನ್ನದೇ. ಒಣಗಿಸುವ ಮೆಷಿನ್ನು ಕೆಟ್ಟಿತ್ತು, ಬಲಗೈ ಹೆಬ್ಬೆರಳು ಊದಿತ್ತು, ಪೆನ್ನು ಸಿಗಲಿಲ್ಲ ಎಂದೆಲ್ಲ ಬರೆಯಬಹುದು. ಮೂರೂ ನಿಜ. ಮೂರೂ ಕಾರಣವಲ್ಲ. ಅದಿರಲಿ.

ನನ್ನ ಆರೋಗ್ಯ ಗಟ್ಟಿಯಾಗಿದೆ. ಅರವತ್ತಮೂರು ತುಂಬಿತು. ಈ ಆರೈಕೆ ಮನೆಯ ಮೂವತ್ತೆರಡು ಹಿರಿಯರ ಬಟ್ಟೆ ಇವತ್ತಿಗೂ ನನ್ನ ಕೈ ದಾಟದೆ ಯಾರ ಮೈಗೂ ಹೋಗುವುದಿಲ್ಲ. ಎರಡು ದೊಡ್ಡ ಮೆಷಿನ್ನು, ಮಹಡಿಯ ಮೇಲೆ ಹನ್ನೆರಡು ತಂತಿ, ಒಂದು ಇಸ್ತ್ರಿ ಮೇಜು, ಒಂದು ಕುಂಟು ಕುರ್ಚಿ. ಅದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಪ್ರತಿ ಅಂಗಿಯ ಕಾಲರಿನ ಒಳಗೆ ಕೋಣೆಯ ಸಂಖ್ಯೆ ಹೊಲಿದಿರುತ್ತೇನೆ. ಆದರೆ ಕಣ್ಣು ಕಟ್ಟಿದರೂ ಯಾರದ್ದು ಯಾವುದು ಅಂತ ಹೇಳಬಲ್ಲೆ. ಎಂಟನೇ ಕೋಣೆಯ ಅಜ್ಜಿಯ ಜೇಬಿನಲ್ಲಿ ಸದಾ ಕದ್ದ ಬಿಸ್ಕತ್ತಿನ ಪುಡಿ. ಹದಿನೈದರವರ ತೋಳಿನಲ್ಲಿ ಬಣ್ಣದ ಪೆನ್ಸಿಲಿನ ಗುರುತು. ಮನುಷ್ಯರು ಬಾಯಲ್ಲಿ ಹೇಳದ್ದನ್ನು ಅವರ ಬಟ್ಟೆ ನನಗೆ ಹೇಳಿಬಿಡುತ್ತದೆ ಕಣೋ.

ಅದೇ ಈಗ ಎಡವಟ್ಟಾಗಿ ಕೂತಿದೆ. ಅದನ್ನು ಬರೆಯುವುದಕ್ಕೇ ಈ ಪತ್ರ.

ನಾಲ್ಕನೇ ಕೋಣೆಯಲ್ಲಿ ಒಬ್ಬರಿದ್ದಾರೆ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಎಲ್ಲರೂ ಗಡಿಯಾರದ ತಾತ ಅನ್ನುತ್ತಾರೆ. ಬೆಳಿಗ್ಗೆ ಎಂಟು ಹೊಡೆಯಿತೋ ಇಲ್ಲವೋ ಅವರ ಮಾತ್ರೆ ಬಾಯಲ್ಲಿರಬೇಕು. ಸಿಸ್ಟರ್ ಎರಡು ನಿಮಿಷ ತಡ ಮಾಡಿದರೆ, "ಸಿಸ್ಟರ್, ನಿಮಗೆ ಕೀಲಿ ಕೊಡಬೇಕಾ?" ಅನ್ನುತ್ತಾರೆ. ಅವರಿಗೆ ಎಚ್‌ಐವಿ ಇದೆ, ಹದಿನೆಂಟು ವರ್ಷದಿಂದ. ಹೌದು, ಇದನ್ನು ನಾನು ಯಾರಿಗೂ ಬರೆಯಬಾರದು. ಅದಕ್ಕೇ ಅವರನ್ನೇ ಹೋಗಿ ಕೇಳಿದೆ. "ತಮ್ಮನಿಗೆ ತಾನೇ? ಬರೀರಿ, ಬರೀರಿ. ಬುದ್ಧಿವಂತ ಆಗಿದ್ರೆ ಒಂದು ದಾರಿ ಹೇಳ್ತಾನೆ. ಅಕ್ಕನ ಥರ ಆಗಿದ್ರೆ ಬೇಡ" ಅಂದರು.

ಅವರ ಜೊತೆಗಾರ ಆರನೇ ಕೋಣೆಯ ಡ್ರೈವರ್. ಮೂವತ್ತು ವರ್ಷ ಬಸ್ಸು ಓಡಿಸಿ ಕೂತವರು. ಮೂರು ವರ್ಷದಿಂದ ಇಬ್ಬರೂ ಒಂದೇ ಮೇಜಿನಲ್ಲಿ ಊಟ, ಒಂದೇ ಮೇಜಿನಲ್ಲಿ ಚದುರಂಗ. ಡ್ರೈವರ್ ಯಾವಾಗಲೂ ಸೋಲುತ್ತಾರೆ, ಯಾವಾಗಲೂ ಕುದುರೆಯ ಮೇಲೆ ತಪ್ಪು ಹೊರಿಸುತ್ತಾರೆ. ಅವರ ಮಗಳು ಇನ್ನೊಂದು ಆರೈಕೆ ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವ ಕೆಲಸದವಳು. ಭಾನುವಾರ ಅಪ್ಪನನ್ನು ನೋಡಲು ಬರುತ್ತಾಳೆ. ಎರಡು ವಾರದ ಹಿಂದೆ ಬಂದವಳು ಆಟ ನೋಡುತ್ತ ನಿಂತಿದ್ದಳು. ನೋಡುತ್ತಿದ್ದದ್ದು ಆಟವನ್ನಲ್ಲ, ಗಡಿಯಾರದ ತಾತನ ನೀಲಿ ಅಂಗಿಯನ್ನು.

"ಅಂಕಲ್, ಈ ಅಂಗಿ ಎಷ್ಟು ಹಳೇದು?" ಅಂದಳು.

"ಹೋದ ವರ್ಷ ತಗೊಂಡಿದ್ದಮ್ಮ."

ಹೋದ ವರ್ಷದ ಅಂಗಿ, ಹತ್ತು ವರ್ಷ ಬಿಸಿಲು ತಿಂದ ಹಾಗೆ ಬೆಳ್ಳಗಾಗಿತ್ತು. ಕಾಲರು ಎಳೆ ಎಳೆ. ಅವಳು ನೇರ ಕೋಣೆಗೆ ಹೋಗಿ ಅವರ ಹಾಸಿಗೆಯ ಬಟ್ಟೆ, ದಿಂಬಿನ ಚೀಲ, ಟವೆಲು ನೋಡಿದಳಂತೆ. ಎಲ್ಲವೂ ಹಾಗೇ. ಪಕ್ಕದ ಹಾಸಿಗೆಯದು ಹಸಿರು ಅಂದರೆ ಹಸಿರು. ಅವಳು ಕೆಲಸ ಮಾಡುವ ಕಡೆ ಯಾರ ಬಟ್ಟೆಗೆ ಹಾಗೆ ಬ್ಲೀಚು ಸುರಿಯುತ್ತಾರೋ ಅವಳಿಗೆ ಗೊತ್ತಿತ್ತು. ಸೋಮವಾರವೇ ಈ ಮನೆ ನಡೆಸುವ ಮೇಡಂ ಹತ್ತಿರ ಅರ್ಜಿ ಬಂತು. ಇನ್ನೈದು ಮನೆಯವರ ಸಹಿಯೂ ಇತ್ತು. ನಾಲ್ಕನೇ ಕೋಣೆಯವರನ್ನು ಕೊನೆಯ ಒಂಟಿ ಕೋಣೆಗೆ ಹಾಕಬೇಕು, ಊಟ ಅಲ್ಲಿಗೇ ಹೋಗಬೇಕು, ಇಲ್ಲದಿದ್ದರೆ ನಮ್ಮವರನ್ನು ಕರೆದುಕೊಂಡು ಹೋಗುತ್ತೇವೆ ಅಂತ.

ಈಗ ಹೇಳು ನೋಡೋಣ, ಆ ಬ್ಲೀಚು ಸುರಿದವರು ಯಾರು?

ನಾನೇ. ಅವರು ಬಂದ ಹೊಸದರಲ್ಲಿ ಹಳೇ ಮ್ಯಾನೇಜರು ನನ್ನ ಕಿವಿಯಲ್ಲಿ, "ನಾಲ್ಕನೇ ಕೋಣೆ, ಸ್ವಲ್ಪ ನೋಡ್ಕೊಳ್ಳಿ" ಅಂದಿದ್ದರು. ಅಷ್ಟೇ. ಉಳಿದದ್ದೆಲ್ಲ ನನ್ನ ಸ್ವಂತ ಬುದ್ಧಿ. ಅವರ ಬಟ್ಟೆ ಬೇರೆ ಬುಟ್ಟಿ, ಬೇರೆ ಹೊತ್ತು, ಎರಡು ಮುಚ್ಚಳ ಬ್ಲೀಚಿನ ಜಾಗಕ್ಕೆ ಆರು. ಸೋಪಿನ ಪೊಟ್ಟಣದ ಮೇಲೆ ನನ್ನ ಬೆರಳು ಹಿಡಿದು ನೀನು ಅಕ್ಷರ ಕಲಿಸಿದೆಯಲ್ಲ, ಅದೇ ಅಕ್ಷರದಲ್ಲಿ ಬ್ಲೀಚಿನ ಡಬ್ಬಿಯ ಮೇಲೆ "ಎರಡು ಮುಚ್ಚಳ" ಅಂತ ದಪ್ಪಗೆ ಬರೆದಿತ್ತು. ಓದಿದೆ. ಓದಿಯೂ ಆರು ಹಾಕಿದೆ. ಯಾರಿಗೂ ಹೇಳಲಿಲ್ಲ ನೋಡು, ಗುಟ್ಟು ಕಾಪಾಡಿದೆ ಅಂತ ನನಗೆ ಹೆಮ್ಮೆ ಬೇರೆ. ಬಾಯಿ ಮುಚ್ಚಿಕೊಂಡು, ಅವರ ಬೆನ್ನ ಮೇಲೆಯೇ ಬರೆದು ಕಳಿಸುತ್ತಿದ್ದೆ.

ಸಿಸ್ಟರ್‌ಗೆ ವಿಷಯ ಗೊತ್ತಾದ ದಿನ ಬಟ್ಟೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಕ್ಕಾ, ರಕ್ತ ಆಗಿರೋ ಬಟ್ಟೆ ಯಾರದ್ದಾದ್ರೂ ಬರಲಿ, ಏನ್ಮಾಡ್ತೀರಿ?"

"ಗ್ಲೌಸ್ ಹಾಕ್ಕೊಂಡು ಬೇರೆ ಚೀಲಕ್ಕೆ ಹಾಕ್ತೀನಿ, ಬಿಸಿನೀರಲ್ಲಿ ಒಗೀತೀನಿ."

"ಎಂಟನೇ ಕೋಣೆ ಅಜ್ಜಿದಾದ್ರೂ?"

"ಯಾರದ್ದಾದ್ರೂ ಅಷ್ಟೇ."

"ಅಷ್ಟೇ. ಅದಕ್ಕಿಂತ ಹೆಚ್ಚಿಂದು ಯಾರಿಗೂ ಬೇಡ. ಬೆವರು, ಬಟ್ಟೆ, ತಟ್ಟೆ, ಲೋಟ, ಅಪ್ಪುಗೆ, ಯಾವುದರಿಂದಲೂ ಇದು ಬರಲ್ಲ. ಅವರು ಮಾತ್ರೆ ತಪ್ಪಿಸಿಲ್ಲ. ರಕ್ತ ಪರೀಕ್ಷೆಲಿ ವೈರಸ್ಸು ಕಾಣೋಷ್ಟೂ ಇಲ್ಲ. ಆ ಮನುಷ್ಯ ಗಡಿಯಾರದ ಹಾಗೆ ನಡೀತಿದಾರೆ. ನೀವು ಮೂರು ವರ್ಷ ಯಾರಿಂದ ಯಾರನ್ನ ಕಾಪಾಡಿದ್ರಿ?"

ಇದೇ ಮಾತು ಹಿಂದೆ ನೀನೂ ಫೋನಿನಲ್ಲಿ ಹೇಳಿದ್ದೆ. ಹೂಂ ಹೂಂ ಅಂದಿದ್ದೆ ನಾನು. ಹೂಂ ಅನ್ನುವುದು ಸುಲಭ ಕಣೋ.

ನಾಳೆ ನಾಲ್ಕು ಗಂಟೆಗೆ ಎಲ್ಲ ಮನೆಯವರ ಸಭೆ. ಆದರೆ ನನ್ನ ಹೆದರಿಕೆ ಸಭೆಯದಲ್ಲ. ಗಡಿಯಾರದ ತಾತ ಮೊನ್ನೆ ಇಲ್ಲಿಗೆ ಬಂದು, "ನನ್ನ ಬಟ್ಟೆ ಎಲ್ಲ ಒಟ್ಟಿಗೆ ಬೇಕು ಅಮ್ಮಾ. ಹೋಗು ಅಂತ ಅವರು ಹೇಳೋಕೆ ಮುಂಚೆ ನಾನೇ ಹೊರಡ್ತೀನಿ. ಅವರಿಗೂ ಮುಜುಗರ ತಪ್ಪುತ್ತೆ" ಅಂದರು. ಎಲ್ಲಿಗೆ ಎಂದು ಕೇಳಿದೆ. "ಎಲ್ಲಿಗಾದ್ರೂ. ಕೆಟ್ಟ ಗಡಿಯಾರ ಇಡೋಕೆ ಎಲ್ಲಾದ್ರೂ ಒಂದು ಡ್ರಾಯರ್ ಇರುತ್ತೆ." ಅವರಿಗೆ ಯಾರೂ ಇಲ್ಲ. ಹೊರಟರೆ ಆ ಎಂಟು ಗಂಟೆಯ ಮಾತ್ರೆ ಯಾರು ಕೊಡುತ್ತಾರೆ?

ಅದಕ್ಕೆ ನಾನು ಒಂದು ಉಪಾಯ ಮಾಡಿದ್ದೇನೆ. ಬಟ್ಟೆ ಕೊಡುತ್ತಿಲ್ಲ. ಮೂರು ದಿನದಿಂದ ದಿನಕ್ಕೆರಡು ಸಲ ಬರುತ್ತಾರೆ.

"ಆಯ್ತಾ ಅಮ್ಮಾ?"

"ಇನ್ನೂ ಒಣಗಿಲ್ಲ ತಾತ."

"ಬಿಸಿಲು ನೆತ್ತಿ ಸುಡ್ತಾ ಇದೆ!"

"ಎಲ್ಲರ ಬಟ್ಟೆನೂ ಒಣಗ್ತಿದೆ. ನಿಮ್ಮದು ಸೋಮಾರಿ."

ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಉಟ್ಟ ಬಟ್ಟೆಯಲ್ಲಿ ಹೋಗುವ ಆಳಲ್ಲ ಅವರು, ಬಹಳ ಶಿಸ್ತು. ನಾಳೆವರೆಗೆ ಹಿಡಿದಿಟ್ಟರೆ ಸಾಕು. ಆಮೇಲೆ ನನ್ನ ಬಾಯಿ ಇದೆ. ಈ ವಯಸ್ಸಿನಲ್ಲಿ ನನಗೆ ಇನ್ನೂ ಚೆನ್ನಾಗಿ ಕೆಲಸ ಮಾಡುವುದು ಅದೊಂದೇ. ಮೆಷಿನ್ನು ಕೂಗುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಶುಕ್ರವಾರ, ಹದಿಮೂರು

ಮತ್ತೆ ಕೂತೆ. ಮೊದಲು ಫಲಿತಾಂಶ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಸಾಲು ಹಾರಿಸಿ ಕೆಳಗೆ ಓದುತ್ತೀಯ. ತಾತ ಹೋಗಲಿಲ್ಲ. ಈಗ ಕೂತು ಸಾವಕಾಶವಾಗಿ ಓದು.

ಊಟದ ಹಾಲಿನಲ್ಲಿ ಸಭೆ. ಮನೆಯವರು ಹದಿನೆಂಟು ಇಪ್ಪತ್ತು ಜನ. ಹಿರಿಯರಲ್ಲಿ ಕಿವಿ ಕೇಳುವವರು ಮುಂದೆ, ಕೇಳದವರು ಇನ್ನೂ ಮುಂದೆ. ಗಡಿಯಾರದ ತಾತ ಹಿಂದಿನ ಬಾಗಿಲ ಹತ್ತಿರ ನಿಂತೇ ಇದ್ದರು, ಖಾಲಿ ಸೂಟ್‌ಕೇಸು ಪಕ್ಕದಲ್ಲಿ. ಸಿಸ್ಟರ್ ನನ್ನನ್ನು ಮೊದಲೇ ಎಚ್ಚರಿಸಿದ್ದರು: "ಅಕ್ಕಾ, ಯಾರಿಗೆ ಏನಿದೆ ಅಂತ ನಾನು ಹೇಳಲ್ಲ, ಮೇಡಂ ಹೇಳಲ್ಲ, ನೀವೂ ಹೇಳೋ ಹಾಗಿಲ್ಲ. ಅದು ಅವರ ಸ್ವತ್ತು."

ಡ್ರೈವರ್ ಮಗಳು ಎದ್ದು ನಿಂತಳು. ಕೆಟ್ಟವಳಲ್ಲ ಅವಳು. "ನಮ್ಮಪ್ಪ ಅವರ ಜೊತೆ ಒಂದೇ ಮೇಜಲ್ಲಿ ಉಣ್ತಾರೆ. ಹೌದೋ ಅಲ್ವೋ ಅಂತ ಒಂದು ಮಾತು ಹೇಳಿ, ಸಾಕು" ಅಂದಳು.

"ಇಲ್ಲಿ ಯಾರ ಕಾಯಿಲೆ ವಿಷಯನೂ ಇನ್ನೊಬ್ಬರಿಗೆ ಹೇಳಲ್ಲ. ನಿಮ್ಮಪ್ಪಂದೂ ಹೇಳಲ್ಲ" ಅಂದರು ಮೇಡಂ.

"ಹೇಳದೇ ಇದ್ರೂ ಕಾಣುತ್ತಲ್ಲ! ಆ ಅಂಗಿ ನೋಡಿ!"

ಎಲ್ಲರೂ ತಿರುಗಿ ನೋಡಿದರು ಕಣೋ. ಅಷ್ಟೂ ಜನ, ಒಬ್ಬ ಮುದುಕನ ಅಂಗಿಯನ್ನು. ತಾತ ಬಗ್ಗಿ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದರು. ಅದನ್ನು ನೋಡಿ ನಾನು ಎದ್ದೆ.

"ಆ ಅಂಗಿ ಅವರ ವಿಷಯ ಏನೂ ಹೇಳಲ್ಲ. ನನ್ನ ವಿಷಯ ಹೇಳುತ್ತೆ" ಅಂದೆ. "ಎರಡು ಮುಚ್ಚಳ ಹಾಕೋ ಕಡೆ ಆರು ಹಾಕಿದವಳು ನಾನು. ಯಾರೂ ಹೇಳಿರ್ಲಿಲ್ಲ. ನನ್ನ ತಲೇಲಿ ಒಂದು ಹೆದರಿಕೆ ಇತ್ತು, ಅದನ್ನ ಅವರ ಬಟ್ಟೆ ಮೇಲೆ ಸುರಿದೆ. ಬ್ಲೀಚು ಹೆಚ್ಚಾದ್ರೆ ಬಣ್ಣ ಹೋಗುತ್ತೆ, ಅದಕ್ಕೆ ಡಾಕ್ಟರು ಬೇಕಾ? ಒಗೆಯೋಳಿಗೆ ಬುದ್ಧಿ ಇಲ್ಲ ಅಂತ ಅರ್ಥ. ಅರ್ಜಿ ಬರೆಯೋದಾದ್ರೆ ನನ್ನ ಮೇಲೆ ಬರೀರಿ. ಕೊನೇ ಕೋಣೆಗೆ ನನ್ನ ಹಾಕಿ. ಊಟ ಮಾತ್ರ ಬಿಸಿಯಾಗಿ ಕಳಿಸಿ."

ಎಂಟನೇ ಕೋಣೆಯ ಅಜ್ಜಿ ಚಪ್ಪಾಳೆ ತಟ್ಟಿದರು. ಏನೆಂದು ಗೊತ್ತಾಗಿ ತಟ್ಟಿದ್ದಲ್ಲ, ಆದರೂ ಧೈರ್ಯ ಬಂತು.

ಆಮೇಲೆ ಸಿಸ್ಟರ್ ನನಗೆ ಹೇಳಿದ್ದನ್ನೆಲ್ಲ ಎಲ್ಲರಿಗೂ ಬಿಡಿಸಿ ಹೇಳಿದರು. ಯಾರ ಹೆಸರೂ ಇಲ್ಲದೆ, ಮೂವತ್ತೆರಡು ಜನರಿಗೂ ಒಂದೇ ನಿಯಮ ಅಂತ. ಜನ ತಲೆ ಆಡಿಸಿದರು. ಆ ತಲೆ ಆಡಿಸುವುದು ನನಗೆ ಚೆನ್ನಾಗಿ ಗೊತ್ತು. ನನ್ನ ಹೂಂ ಹೂಂ ಇದ್ದ ಹಾಗೆಯೇ ಅದು. ಮಾತಿನಿಂದ ಇದು ಆಗುವ ಕೆಲಸವಲ್ಲ ಅನಿಸಿತು. "ಎಲ್ಲರೂ ಒಂದು ನಿಮಿಷ ಬಟ್ಟೆ ಕೋಣೆಗೆ ಬನ್ನಿ" ಅಂದೆ.

ಬಂದರು. ಬಾಗಿಲಲ್ಲಿ ಹಿಡಿಸದೆ ನಡುಮನೆಯವರೆಗೂ ಸಾಲು. ಎಲ್ಲರೆದುರು ಮೆಷಿನ್ನು ತೆರೆದೆ. ನಾಲ್ಕನೇ ಕೋಣೆಯ ಹೊದಿಕೆ, ಆರನೇ ಕೋಣೆಯ ಡ್ರೈವರ್ ಬನಿಯನ್ನು, ಅಜ್ಜಿಯ ಬಿಸ್ಕತ್ತಿನ ಪುಡಿಯ ಗೌನು, ಸಿಸ್ಟರ್ ಏಪ್ರನ್ನು, ಎಲ್ಲ ಒಟ್ಟಿಗೆ ತುರುಕಿದೆ. ಕೊನೆಗೆ ನನ್ನ ಹೆಗಲ ಮೇಲಿದ್ದ ಶಾಲು ತೆಗೆದೆ. ಗುಬ್ಬಿ ಹೆಣೆದು ಕಳಿಸಿದ್ದಳಲ್ಲ, ಕೆಂಪು ಅಂಚಿನದು, ಅದನ್ನೇ. ಅದನ್ನೂ ಹಾಕಿ, ಸೋಪು ಅಳೆದು, ಬ್ಲೀಚಿನ ಡಬ್ಬಿಯನ್ನು ಎಲ್ಲರಿಗೂ ತೋರಿಸಿ ಮೇಲಿನ ಹಲಗೆಯಲ್ಲಿಟ್ಟು, ಗುಂಡಿ ಒತ್ತಿದೆ.

ನಲವತ್ತು ನಿಮಿಷದ ಸುತ್ತು. ಯಾರಾದರೂ ನಲವತ್ತು ನಿಮಿಷ ನಿಲ್ಲುತ್ತಾರೆ ಅಂದುಕೊಂಡಿರಲಿಲ್ಲ. ಅರ್ಧ ಜನ ಹೋದರು. ಸಹಿ ಮಾಡಿದವರಲ್ಲಿ ಇಬ್ಬರು ಮೇಡಂ ಹತ್ತಿರ ಹೋಗಿ ಸಹಿ ಹೊಡೆದು ಹಾಕಿಸಿದರು. ಒಬ್ಬರು ಅಪ್ಪನನ್ನು ಬರುವ ವಾರ ಕರೆದುಕೊಂಡು ಹೋಗುತ್ತೇವೆ ಎಂದರು. ಕರೆದುಕೊಂಡು ಹೋಗಲಿ, ಅದಕ್ಕೆ ನಾನೇನು ಮಾಡಲಿ. ಆದರೆ ಡ್ರೈವರ್ ತಾವೇ ಕುರ್ಚಿ ಎಳೆದುಕೊಂಡು ಮೆಷಿನ್ನಿನ ಮುಂದೆ ಕೂತರು. "ಮೂವತ್ತು ವರ್ಷ ಬಸ್ಸು ಓಡಿಸಿದೀನಿ. ಪಕ್ಕದವನ ಎಬ್ಬಿಸಿ ಅಂದೋರನ್ನ ಮುಂದಿನ ಸ್ಟಾಪಲ್ಲಿ ನಾನೇ ಇಳಿಸ್ತಿದ್ದೆ. ಈಗ ನನ್ನ ಮಗಳೇ ಅರ್ಜಿ ಹಿಡ್ಕೊಂಡು ಬಂದವಳೆ. ಎರಡು ವಾರದಿಂದ ಆಟ ನಿಂತಿದೆ. ಸೋಲೋಕೂ ಒಬ್ಬ ಬೇಕಲ್ಲಯ್ಯ!" ಅಂದು ತಾತನ ಕಡೆ ಕೂಗಿದರು. "ಏಯ್ ಗಡಿಯಾರ, ಆ ಪೆಟ್ಟಿಗೆ ಕೆಳಗಿಡು. ಖಾಲಿ ಪೆಟ್ಟಿಗೆ ಹೊತ್ಕೊಂಡು ಯಾವ ಬಸ್ಸಿಗೆ ಹೋಗ್ತೀಯ?"

ಮೆಷಿನ್ನು ನಿಂತಾಗ ನಾನು ಶಾಲು ತೆಗೆದು, ಹಿಂಡಿ, ಒದ್ದೆ ಒದ್ದೆಯಾಗಿಯೇ ಹೆಗಲಿಗೆ ಹಾಕಿಕೊಂಡೆ. ರವಿಕೆಯೆಲ್ಲ ನೆನೆಯಿತು. ಇವತ್ತು ಬೆಳಿಗ್ಗೆಯಿಂದ ಮೂಗು ಸೋರುತ್ತಿದೆ. ಒಗೆದ ಬಟ್ಟೆಯಿಂದ ಬಂದ ಕಾಯಿಲೆ ಅಂದರೆ ಇದೊಂದೇ ಅಂತ ಸಿಸ್ಟರ್ ನಗುತ್ತಿದ್ದಾರೆ.

ಡ್ರೈವರ್ ಮಗಳು ಕೊನೆಯವರೆಗೂ ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಆಂಟಿ, ನಮ್ಮಲ್ಲಿ ಆರಲ್ಲ, ಹತ್ತು ಮುಚ್ಚಳ ಹಾಕ್ತೀವಿ. ನಾನೇ ಹಾಕ್ತೀನಿ" ಅಂದಳು. ಕಣ್ಣಲ್ಲಿ ನೀರು. ಸಿಸ್ಟರ್ ಅವಳನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಅಪ್ಪನನ್ನು ಕರೆದುಕೊಂಡು ಹೋಗುವ ಮಾತನ್ನು ಅವಳು ಎತ್ತಲಿಲ್ಲ. ತಾತನ ಕಡೆ ನೇರ ನೋಡುವುದಕ್ಕೆ ಅವಳಿಗೆ ಇನ್ನೂ ಆಗಿಲ್ಲ. ಆಗುತ್ತದೆ. ನನಗೇ ಆಗಿದೆಯಲ್ಲ.

ನಿನ್ನೆ ಸಂಜೆಯೇ ಬೀರು ತೆಗೆದು ತಾತನ ಬಟ್ಟೆಯ ಗಂಟು ಅವರ ಕೋಣೆಗೆ ನಾನೇ ಹೊತ್ತುಕೊಂಡು ಹೋದೆ. "ತಪ್ಪಾಯ್ತು" ಅಂದೆ. ಅವರು ಅಂಗಿಗಳನ್ನು ಒಂದೊಂದೇ ಎತ್ತಿ ಅಲಮಾರಿಯಲ್ಲಿ ಜೋಡಿಸುತ್ತ, "ನನಗೆ ಮೊದಲನೇ ತಿಂಗಳೇ ಗೊತ್ತಾಗಿತ್ತು ಅಮ್ಮಾ. ನನ್ನ ಬಟ್ಟೆ ವಾಸನೆನೇ ಬೇರೆ" ಅಂದರು.

"ಮತ್ತೆ ಯಾಕೆ ಒಂದು ಮಾತು ಬೈಲಿಲ್ಲ?"

"ಬೈದ್ರೆ ಒಗೆಯೋದೇ ಬಿಟ್ಟುಬಿಟ್ರೆ? ಮತ್ತೆ... ಇಸ್ತ್ರಿ ಚೆನ್ನಾಗಿ ಮಾಡ್ತಿದ್ರಿ. ತೋಳಿನ ಗೆರೆ ಒಂದು ದಿನ ತಪ್ಪಿಲ್ಲ. ಇವಳಿಗೆ ನನ್ನ ಮೇಲೆ ದ್ವೇಷ ಇಲ್ಲ, ಬರೀ ಹೆದರಿಕೆ ಅಂದ್ಕೊಂಡೆ." ಆಮೇಲೆ ಕನ್ನಡಕದ ಮೇಲಿಂದ ನನ್ನನ್ನೇ ನೋಡಿ, "ಅಲ್ಲಾ, ಇಷ್ಟು ಬ್ಲೀಚು ಹಾಕೋದು ನೀವು ಎಲ್ಲಿ ಕಲಿತ್ರಿ?" ಅಂದರು.

ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟೆ. ಆ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಒಳಗೆ ಮಡಿಸಿಟ್ಟ ಚೀಟಿಯಲ್ಲಿದೆ. ಅದನ್ನು ಪಟಾಕಿಯ ಕೈಗೆ ಕೊಡಬೇಡ. ಗುಬ್ಬಿ ಓದಿದರೆ ಅಡ್ಡಿಯಿಲ್ಲ, ಅವಳಿಗೆ ನನಗಿಂತ ಮೊದಲು ಎಲ್ಲ ತಿಳಿದಿತ್ತು, ನನಗಿಂತ ಚೆನ್ನಾಗಿಯೂ ತಿಳಿದಿತ್ತು.

ಇವತ್ತು ಮಧ್ಯಾಹ್ನ ಊಟದ ಹಾಲಿನಲ್ಲಿ ಇಬ್ಬರೂ ಎಂದಿನ ಮೇಜಿನಲ್ಲೇ ಕೂತಿದ್ದರು. ಡ್ರೈವರ್ ಸೋತರು. ಕುದುರೆಯದೇ ತಪ್ಪಂತೆ.

ನೀವೆಲ್ಲರೂ ನೂರು ಕಾಲ ಸುಖವಾಗಿ ಬಾಳಿ. ಪಟಾಕಿಗೆ ಮುತ್ತು, ಕರಿಯನಿಗೆ ಬೆನ್ನು ತುರಿಕೆ, ಗುಬ್ಬಿಗೆ ಶಾಲು ಬಣ್ಣ ಬಿಟ್ಟಿಲ್ಲವೆಂಬ ಸುದ್ದಿ.

ನಿನ್ನ
ಅಕ್ಕ

ಒಳಗಿನ ಚೀಟಿ

ತಮ್ಮಾ, ಮರೆತದ್ದು: ಮರೆತದ್ದು ಅಂತ ಬರೆದೆ, ಒಂದು ದಿನವೂ ಮರೆತಿಲ್ಲ.

ಆರು ವರ್ಷದ ಹಿಂದೆ ನೀನು ನಿನ್ನ ಕಾಯಿಲೆಯ ವಿಷಯ ಹೇಳಿದ ಮೇಲೆ ಮೊದಲ ಸಲ ನನ್ನ ಮನೆಗೆ ಬಂದೆ. ನೀನು ಬರುತ್ತೀಯ ಅಂತ ಹಳದಿ ಹೂವಿನ ಹೊಸ ಬೆಡ್‌ಶೀಟು ತಂದು ಚಿಕ್ಕ ಕೋಣೆಯಲ್ಲಿ ಹಾಸಿದ್ದೆ. ಎರಡು ದಿನ ಇದ್ದು ನೀನು ಹೊರಟೆ. ಸ್ಟಾಪಿನವರೆಗೆ ಹೋಗಿ, ಕನ್ನಡಕ ಮರೆತೆ ಅಂತ ವಾಪಸು ಬಂದೆ. ನಾನು ಹಿತ್ತಲಲ್ಲಿ ಮೊಣಕೈವರೆಗೆ ಗ್ಲೌಸು ಹಾಕಿಕೊಂಡು ಆ ಬೆಡ್‌ಶೀಟನ್ನು ಬ್ಲೀಚಿನ ಬಕೆಟ್ಟಿನಲ್ಲಿ ಅದ್ದುತ್ತಿದ್ದೆ. ನೀನು ಹೊರಟು ಹತ್ತು ನಿಮಿಷವೂ ಆಗಿರಲಿಲ್ಲ. ನೀನು ಬಕೆಟ್ಟು ನೋಡಿದೆ, ನನ್ನ ಕೈ ನೋಡಿದೆ. "ಅಕ್ಕಾ, ಕನ್ನಡಕ" ಅಂದೆ ಅಷ್ಟೇ. ತೆಗೆದುಕೊಂಡು ಹೋದೆ.

ಆಮೇಲೆ ಮೂರು ಸಲ ಬಂದಿದ್ದೀಯ. ಮೂರು ಸಲವೂ ಸಂಜೆ ಬಸ್ಸಿಗೇ ಹೋಗಿದ್ದೀಯ. "ನಾಳೆ ಕೆಲಸ ಇದೆ ಅಕ್ಕಾ" ಅಂತ. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ನಿನಗೂ ಆ ವಾಸನೆ ಗೊತ್ತಾಗಿತ್ತು, ನೀನೂ ಬೈಯಲಿಲ್ಲ. ಗಡಿಯಾರದ ತಾತನಿಗೆ ಇದೆಲ್ಲ ಹೇಳಿದೆ. ಅವರು ಕೊನೆಯ ಅಂಗಿಯನ್ನೂ ಜೋಡಿಸಿಟ್ಟು, "ನನ್ನ ಹತ್ರ ತಪ್ಪಾಯ್ತು ಅಂದ್ರಲ್ಲ, ಅದನ್ನೇ ಅಲ್ಲಿಗೂ ಕಳಿಸಿ" ಅಂದರು.

ಕಳಿಸುತ್ತಿದ್ದೇನೆ. ತಪ್ಪಾಯಿತು ಕಣೋ ತಮ್ಮಾ.

ಆ ಬೆಡ್‌ಶೀಟು ಪೆಟ್ಟಿಗೆಯ ತಳದಲ್ಲಿತ್ತು. ತೆಗೆದೆ. ಹೂವೆಲ್ಲ ಬೆಳ್ಳಗಾಗಿದೆ, ಇದ್ದ ಜಾಗ ಮಾತ್ರ ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಹೊಸದು ತರಬಹುದಿತ್ತು. ತಂದರೆ ಮತ್ತೆ ಮುಚ್ಚಿಟ್ಟ ಹಾಗಾಗುತ್ತದೆ. ಎಲ್ಲರ ಬಟ್ಟೆಯ ಹಾಗೆ ಬರೀ ಸೋಪಿನಲ್ಲಿ ಒಗೆದು ಚಿಕ್ಕ ಕೋಣೆಯಲ್ಲಿ ಅದನ್ನೇ ಹಾಸಿದ್ದೇನೆ. ಇವತ್ತು ಬೆಳಿಗ್ಗೆ ಅದರ ಮೇಲೆ ನಾನೂ ಅರ್ಧ ಗಂಟೆ ಮಲಗಿ ಎದ್ದೆ.

ಬೇಗ ಬರೆ. ನೀನು ಬರುವ ಬಸ್ಸಿನ ಹೊತ್ತು ಬರೆ. ಹೋಗುವ ಬಸ್ಸಿನದು ಬರೆಯಬೇಡ.